ಸೇಬಿಗೂ ಹೆಸರುಂಟು

ಮಾವಿನ ಕಾಲದಲ್ಲಿ ಹಣ್ಣಿನಂಗಡಿಗೆ ಹೋದ ನೀವು "ಮಾವಿನಹಣ್ಣು ಕೊಡಪ್ಪ" ಎಂದು ಕೇಳುವುದಿಲ್ಲ. ಬಾದಾಮಿ ಬಂದಿದೆಯೆ, ರಸಪುರಿ ಹೇಗೆ ಕೊಟ್ಟೆ, ಮಲಗೋವಕ್ಕೆ ಇನ್ನೆಷ್ಟು ದಿನ ಕಾಯಬೇಕು ಎಂದು ವಿಚಾರಿಸುತ್ತೀರಿ. ಸೀಕರಣೆಗೆ ಹಣ್ಣು ತರಲು ಹೋದವರು ತೋತಾಪುರಿಯನ್ನು ಹಿಡಿದುಕೊಂಡು ಬಂದರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಉಪ್ಪಿನಕಾಯಿಗೆ ಒಂದು, ಚಿತ್ರಾನ್ನಕ್ಕೆ ಒಂದು, ಹೆಚ್ಚಿ ತಿನ್ನಲು ಒಂದು, ಹಿಂಡಿ ರಸ ಮಾಡಲು ಇನ್ನೊಂದು. ಈ ವಿವೇಕವನ್ನು ನಮಗೆ ಯಾರೂ ಪಾಠಶಾಲೆಯಲ್ಲಿ ಕಲಿಸಲಿಲ್ಲ. ಅಡಿಗೆಮನೆಯಲ್ಲಿ ತಾನಾಗಿ ಬಂದದ್ದು.

ಅದೇ ನಾವು ಪಕ್ಕದಲ್ಲಿ ಗೋಪುರದಂತೆ ಜೋಡಿಸಿಟ್ಟ ಸೇಬಿನ ಕಡೆಗೆ ತಿರುಗಿದೊಡನೆ, ಆ ವಿವೇಕವನ್ನೆಲ್ಲ ಚಪ್ಪಲಿಯ ಹಾಗೆ ಅಂಗಡಿಯ ಹೊರಗೆ ಬಿಟ್ಟುಬಿಡುತ್ತೇವೆ. "ಸೇಬು ಹೇಗೆ?" ಎಂಬುದೊಂದೇ ಪ್ರಶ್ನೆ. "ಕಾಶ್ಮೀರದ್ದು ಸ್ವಾಮಿ" ಅಥವಾ "ಸಿಮ್ಲಾ ಮಾಲು" ಎಂಬುದೊಂದೇ ಉತ್ತರ. ಇದ್ದುದರಲ್ಲಿ ಯಾವುದು ಹೆಚ್ಚು ಕೆಂಪಗೆ ಹೊಳೆಯುತ್ತದೆಯೋ ಅದನ್ನು ಆರಿಸಿ ಕಟ್ಟಿಸಿಕೊಂಡು, ಕಾಯಿಲೆಯವರನ್ನು ನೋಡಲು ಹೊರಡುತ್ತೇವೆ. ಮನೆಗೆ ತಂದರೂ ಹೆಚ್ಚಿ ತಿನ್ನುವುದಷ್ಟೆ. ಹಣ್ಣು ಹಿಟ್ಟು ಹಿಟ್ಟಾಗಿದ್ದರೆ ಅದು ನಮ್ಮ ಗ್ರಹಚಾರ, ರುಚಿಯಾಗಿದ್ದರೆ ಪೂರ್ವಜನ್ಮದ ಪುಣ್ಯ. ಕೊಟ್ಟ ದುಡ್ಡಾದರೋ ಮಾವಿಗೆ ಕೊಟ್ಟದ್ದಕ್ಕಿಂತ ಕಡಿಮೆ ಇರುವುದಿಲ್ಲ.

ಸೇಬಿಗೂ ಮಾವಿನಂತೆಯೇ ಹೆಸರುಗಳುಂಟು, ಹೆಸರಿಗೆ ತಕ್ಕ ಗುಣಗಳುಂಟು, ಗುಣಕ್ಕೆ ತಕ್ಕ ಉಪಯೋಗಗಳುಂಟು. ಈ ಹೊತ್ತು ಆ ವಿಷಯವನ್ನು ನಿಮ್ಮೊಡನೆ ಸ್ವಲ್ಪ ವಿಸ್ತಾರವಾಗಿ ಮಾತನಾಡಬೇಕೆಂದಿದ್ದೇನೆ.

ಇದು ರೇಡಿಯೋ ಭಾಷಣವಾದುದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಾನು ಹೇಳುತ್ತಿರುವುದು ಸೇಬು, ಸೀಬೆಯಲ್ಲ. ಸೀಬೆಗೆ ಬಡವರ ಸೇಬು ಎಂದು ಕೆಲವರು ಹೇಳುವುದುಂಟು. ಆ ಮಾತಿನಲ್ಲಿ ಸೀಬೆಗೆ ಅನ್ಯಾಯವಾಗಿದೆ. ನೂರು ಗ್ರಾಂ ಸೇಬಿನಲ್ಲಿ ಸಿ ಜೀವಸತ್ವ ಸುಮಾರು 5 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಸೀಬೆಯಲ್ಲಿ 200 ಮಿಲಿಗ್ರಾಮಿನಷ್ಟು ಇರುತ್ತದೆ. ಆದುದರಿಂದ ಶಕ್ತಿ ಬರಲೆಂದು ಸೇಬು ಕೊಳ್ಳುವವರು ಬೀದಿ ದಾಟಿ ಸೀಬೆಯ ಗಾಡಿಯ ಬಳಿಗೆ ಹೋಗುವುದೇ ಮೇಲು. ಸೇಬನ್ನು ಕೊಳ್ಳಬೇಕಾದದ್ದು ಅದರ ರುಚಿಗಾಗಿ, ಪರಿಮಳಕ್ಕಾಗಿ, ಹಲ್ಲಿಗೆ ಸಿಕ್ಕಾಗ ಆಗುವ ಆ ಸದ್ದಿಗಾಗಿ. ರುಚಿಗಾಗಿ ಕೊಳ್ಳುವ ಪದಾರ್ಥವನ್ನು ಹೆಸರು ಕೇಳದೆ ಕೊಳ್ಳುವುದು ಹೇಗೆ?

ಸೇಬಿನ ತವರು ಮಧ್ಯ ಏಷ್ಯದ ತಿಯೆನ್‌ಶಾನ್ ಪರ್ವತಗಳ ಇಳಿಜಾರು, ಈಗಿನ ಕಜಾಕ್‌ಸ್ತಾನದ ಭಾಗ. ಅಲ್ಲಿನ ಕಾಡುಗಳಲ್ಲಿ ಸೇಬಿನ ಮರಗಳು ನಮ್ಮ ಕಾಡುಮಾವಿನ ಹಾಗೆ ತಾವಾಗಿ ಬೆಳೆಯುತ್ತವೆ. ಅಲ್ಲಿಯ ದೊಡ್ಡ ನಗರವಾದ ಅಲ್ಮಾಟಿಯ ಹೆಸರಿನಲ್ಲಿಯೇ ಸೇಬೆಂಬ ಅರ್ಥದ 'ಅಲ್ಮಾ' ಸೇರಿಕೊಂಡಿದೆ. ಈ ಗಿಡಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ನೀವು ತಿಂದ ಹಣ್ಣಿನ ಬೀಜವನ್ನು ಬಿತ್ತಿದರೆ ತಾಯಿಯಂಥ ಹಣ್ಣು ಬರುವುದಿಲ್ಲ. ಹತ್ತು ಬೀಜ ಬಿತ್ತಿದರೆ ಹತ್ತು ಬಗೆ. ಹೆಚ್ಚಿನವು ಹುಳಿಯೋ ಒಗರೋ ಆಗಿ ಕೆಲಸಕ್ಕೆ ಬಾರದವು. ಎಲ್ಲೋ ಅಪರೂಪಕ್ಕೆ ಒಂದು ಮರ ಅಮೃತದಂಥ ಹಣ್ಣು ಬಿಟ್ಟರೆ, ಅದರ ಕಡ್ಡಿಯನ್ನು ತಂದು ಬೇರೆ ಗಿಡಕ್ಕೆ ಕಸಿ ಕಟ್ಟಿ ಉಳಿಸಿಕೊಳ್ಳಬೇಕು. ಹಾಗಾಗಿ ಹೆಸರುಳ್ಳ ಪ್ರತಿಯೊಂದು ಸೇಬಿನ ಜಾತಿಯೂ ಎಂದೋ ಎಲ್ಲೋ ಇದ್ದ ಒಂದೇ ಒಂದು ಮರದ ಮುಂದುವರಿಕೆ. ಇದರಲ್ಲಿ ಒಂದು ಅಪಾಯವೂ ಇದೆ: ಕಸಿ ಕಟ್ಟುವವರು ಕೈಬಿಟ್ಟರೆ, ಕೊಳ್ಳುವವರು ಕೇಳದೆ ಹೋದರೆ, ಆ ಜಾತಿ ಮರಗಳ ಆಯುಷ್ಯದೊಡನೆಯೇ ಮುಗಿಯುತ್ತದೆ.

ಇದನ್ನು ಕಾಶ್ಮೀರದ ಅಂಬ್ರಿಯನ್ನು ನೆನೆದು ಹೇಳುತ್ತಿದ್ದೇನೆ. ಅಂಬ್ರಿ ಕಾಶ್ಮೀರದ ಸ್ವಂತ ಸೇಬು. ಹೊರಗಿನಿಂದ ತಂದು ನೆಟ್ಟದ್ದಲ್ಲ. ಹಸಿರು ಕೂಡಿದ ಹಳದಿಯ ಮೇಲೆ ಕೆಂಪಿನ ಗೀರುಗಳು, ತುಸು ನೀಳವಾದ ಆಕಾರ, ಬಿಳಿಯ ಗಟ್ಟಿ ತಿರುಳು, ಸಿಹಿ, ಎಲ್ಲಕ್ಕಿಂತ ಮಿಗಿಲಾಗಿ ಪರಿಮಳ. ಶರತ್ಕಾಲದ ಕೊನೆಗೆ ಕಿತ್ತು ಮನೆಯಲ್ಲಿಟ್ಟರೆ ಯಾವ ಯಂತ್ರದ ಸಹಾಯವೂ ಇಲ್ಲದೆ ಚಳಿಗಾಲವನ್ನು ಕಳೆಯುವ ಹಣ್ಣು. ಆದರೆ ಮರ ಫಲ ಕೊಡಲು ತಡಮಾಡುತ್ತದೆ, ಒಂದು ವರುಷ ಬಿಟ್ಟರೆ ಮರುವರುಷ ಮುನಿಸಿಕೊಳ್ಳುತ್ತದೆ. ಬೇಗ ಹೆಚ್ಚು ಹಣ್ಣು ಕೊಡುವ ವಿದೇಶೀ ಜಾತಿಗಳು ಬಂದಮೇಲೆ ತೋಟಗಳಲ್ಲಿ ಅಂಬ್ರಿ ಹಿಂದೆ ಸರಿಯಿತು. ಈಗ ನಮ್ಮ ದೇಶದ ಸೇಬಿನಲ್ಲಿ ಸುಮಾರು ಮುಕ್ಕಾಲು ಪಾಲು ಜಮ್ಮು ಕಾಶ್ಮೀರದಿಂದಲೇ ಬರುತ್ತದೆ. ಆದರೆ ಅದರಲ್ಲಿ ಕಾಶ್ಮೀರದ ಸ್ವಂತ ಸೇಬಿನ ಪಾಲು ಅತ್ಯಲ್ಪ. ಅಂಬ್ರಿಯನ್ನು ವಿದೇಶೀ ಜಾತಿಯೊಡನೆ ಕೂಡಿಸಿ ಲಾಲ್ ಅಂಬ್ರಿಯೆಂಬ ಮಿಶ್ರತಳಿಯನ್ನು ಅಲ್ಲಿನ ವಿಜ್ಞಾನಿಗಳು ಪಡೆದಿದ್ದಾರೆ. ನಿಮ್ಮ ಊರಿನ ಅಂಗಡಿಯಲ್ಲಿ ಅಕ್ಟೋಬರ್ ಕಳೆದಮೇಲೆ "ಅಂಬ್ರಿ ಇದೆಯೆ?" ಎಂದು ಒಮ್ಮೆ ಕೇಳಿ ನೋಡಿ. ಅಂಗಡಿಯವನು ಕಣ್ಣರಳಿಸಿ ನೋಡಬಹುದು. ಆದರೂ ಕೇಳಿ. ಹತ್ತು ಜನ ಕೇಳಿದ ಹೆಸರು ಮಂಡಿಯವನ ಕಿವಿಗೂ ಮುಟ್ಟುತ್ತದೆ.

ಹಾಗಾದರೆ ಆ ಕೆಂಪು ಸೇಬು ಎಲ್ಲಿಂದ ಬಂತು? ಹಿಮಾಚಲದ ಕುಲು ಕಣಿವೆಯ ಬಂದ್ರೋಲ್ ಎಂಬಲ್ಲಿ 1870ರಲ್ಲಿ ಬ್ರಿಟಿಷ್ ಸೈನ್ಯದ ಕ್ಯಾಪ್ಟನ್ ಒಬ್ಬನು ಸೇಬಿನ ತೋಟ ಹಾಕಿದ. ಅವನು ತರಿಸಿದ್ದು ತನ್ನ ನಾಡಿನ ಹುಳಿಮಿಶ್ರಿತ ಜಾತಿಗಳು. ದೊರೆಗಳಿಗೆ ಅವು ಹಿಡಿಸಿದವು. ನಮ್ಮ ಜನಕ್ಕೆ ಹಿಡಿಸಲಿಲ್ಲ. ಹಣ್ಣೆಂದರೆ ಸಿಹಿಯಾಗಿರಬೇಕೆಂಬುದು ನಮ್ಮ ಪದ್ಧತಿ. ಇದನ್ನು ಅರ್ಥಮಾಡಿಕೊಂಡವರು ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು. ಕುಷ್ಠರೋಗಿಗಳ ಸೇವೆಗೆಂದು 1904ರಲ್ಲಿ ಇಂಡಿಯಾಕ್ಕೆ ಬಂದು, ಸಿಮ್ಲಾದಾಚೆಯ ಕೋಟ್‌ಗಢದಲ್ಲಿ ನೆಲೆಸಿ, ಅಲ್ಲಿಯ ಹೆಣ್ಣುಮಗಳನ್ನು ಮದುವೆಯಾಗಿ, ಅಸಹಕಾರ ಚಳವಳಿಯಲ್ಲಿ ಸೆರೆಮನೆಗೂ ಹೋಗಿ, 1932ರಲ್ಲಿ ಸತ್ಯಾನಂದರೆಂಬ ಹೆಸರು ಪಡೆದ ಅಪೂರ್ವ ಮನುಷ್ಯ. ಅವರ ವಿಷಯವೇ ಒಂದು ಬೇರೆ ಭಾಷಣಕ್ಕಾಗುತ್ತದೆ. ಬೆಟ್ಟದ ಬಡ ರೈತರಿಗೆ ಒಂದು ದಾರಿಯಾಗಲೆಂದು 1916ರಲ್ಲಿ ಅವರು ಅಮೆರಿಕದಿಂದ ಡೆಲಿಷಸ್ ಎಂಬ ಸಿಹಿ ಸೇಬಿನ ಗಿಡಗಳನ್ನು ತರಿಸಿದರು. ಮುಂದೆ 1921ರ ಸುಮಾರಿಗೆ ಗೋಲ್ಡನ್ ಡೆಲಿಷಸ್ ಎಂಬ ಹಳದಿಯ ಜಾತಿಯನ್ನೂ ತರಿಸಿದರು. ಹಿಮಾಚಲದ ಬೆಟ್ಟಗಳ ಭಾಗ್ಯ ಅಲ್ಲಿಂದ ತಿರುಗಿತು. ರಾಯಲ್ ಎಂದು ನಮ್ಮ ಅಂಗಡಿಗಳಲ್ಲಿ ಕರೆಯುವ ಹಣ್ಣು ಈ ಡೆಲಿಷಸ್ ಮನೆತನದ್ದೇ.

ಈ ಡೆಲಿಷಸ್ಸಿನ ಕತೆ ಕೇಳತಕ್ಕದ್ದು. ಅಮೆರಿಕದ ಅಯೋವಾ ಪ್ರಾಂತದ ಪೆರು ಎಂಬ ಹಳ್ಳಿಯಲ್ಲಿ ಜೆಸ್ಸಿ ಹಯಾಟ್ ಎಂಬ ರೈತನಿದ್ದ. ಅವನ ತೋಟದಲ್ಲಿ ಸಾಲು ತಪ್ಪಿ ಹುಟ್ಟಿದ ಒಂದು ಗಿಡವನ್ನು ಎರಡು ಸಲ ಕಡಿದುಹಾಕಿದರೂ ಅದು ಮತ್ತೆ ಚಿಗುರಿತಂತೆ. ಬದುಕಬೇಕೆಂಬ ಹಟ ಅಷ್ಟಿದ್ದರೆ ಬದುಕಲಿ ಎಂದು ಅವನು ಬಿಟ್ಟ. ಅದರ ಹಣ್ಣು 1893ರಲ್ಲಿ ಮಿಸ್ಸೂರಿ ಪ್ರಾಂತದ ಒಂದು ಪ್ರದರ್ಶನಕ್ಕೆ ಹೋಯಿತು. ರುಚಿ ನೋಡಿದ ಸ್ಟಾರ್ಕ್ ಎಂಬ ಸಸಿ ವ್ಯಾಪಾರಿ ಅದನ್ನು ಕೊಂಡು ಡೆಲಿಷಸ್, ಎಂದರೆ 'ಬಲು ರುಚಿ' ಎಂದು ಹೆಸರಿಟ್ಟ. ಹೆಸರು ಆಗ ನಿಜವಾಗಿಯೇ ಇತ್ತು. ಆ ಮೊದಲ ಹಣ್ಣು ಪೂರ್ತಿ ಕೆಂಪಾಗಿರಲಿಲ್ಲ. ಹಳದಿಯ ಮೇಲೆ ಕೆಂಪಿನ ಗೀರುಗಳಿದ್ದ ಹಣ್ಣು ಅದು. ಮುಂದೆ 1920ರ ದಶಕದಲ್ಲಿ ನ್ಯೂಜೆರ್ಸಿಯ ತೋಟವೊಂದರಲ್ಲಿ ಈ ಜಾತಿಯ ಒಂದು ಮರದ ಒಂದೇ ಕೊಂಬೆಯಲ್ಲಿ ಅಚ್ಚಗೆಂಪು ಹಣ್ಣುಗಳು ಬಿಟ್ಟವು. ಆ ಕೊಂಬೆಯಿಂದ ಕಸಿ ಕಟ್ಟಿದರು. ಅದಕ್ಕಿಂತ ಕೆಂಪಾದದ್ದು ಇನ್ನೊಂದು ಕಡೆ ಕಾಣಿಸಿತು, ಅದರಿಂದ ಕಟ್ಟಿದರು. ಹೀಗೆ ಕೆಂಪಿನ ಮೇಲೆ ಕೆಂಪನ್ನು ಆರಿಸುತ್ತ ಹೋದರು. ಏಕೆಂದರೆ ಕೊಳ್ಳುವವರು ಬೇಡುತ್ತಿದ್ದುದು ಅದನ್ನೇ. ರುಚಿಯನ್ನು ನೋಡಿ ಆರಿಸಿದವರು ಕಡಿಮೆ. ಸಿಪ್ಪೆ ದಪ್ಪವಾಯಿತು, ಒಳಗಿನ ತಿರುಳು ಸಪ್ಪೆಯಾಯಿತು. ಇನ್ನೊಂದು ಕೆಡುಕೂ ಆಯಿತು: ಈ ಹೊಸ ಕೆಂಪು ಜಾತಿಗಳು ಪೂರ್ತಿ ಬಲಿಯುವುದಕ್ಕೆ ಮುಂಚೆಯೇ ಬಣ್ಣ ಕಟ್ಟುತ್ತವೆ. ಆದುದರಿಂದ ಮೊದಲು ಕೆಂಪೆಂದರೆ ಮಾಗಿದೆ ಎಂಬ ಅರ್ಥವಿದ್ದರೆ, ಈಗ ಕೆಂಪೆಂದರೆ ಕೆಂಪು, ಅಷ್ಟೆ. ಕಡೆಗೆ ಅಮೆರಿಕದ ಜನ ಬೇಸತ್ತರು. ಬಹುಕಾಲ ಅಲ್ಲಿ ಮೊದಲ ಸ್ಥಾನದಲ್ಲಿದ್ದ ರೆಡ್ ಡೆಲಿಷಸ್ 2018ರಲ್ಲಿ ಗಾಲಾ ಎಂಬ ಜಾತಿಗೆ ಆ ಸ್ಥಾನವನ್ನು ಬಿಟ್ಟುಕೊಟ್ಟಿತು.

ಆದುದರಿಂದ ಅಂಗಡಿಯಲ್ಲಿ ಕೆಂಪನ್ನು ನೋಡಬೇಡಿ. ಕೆಂಪಿನ ಸಂದಿಯಲ್ಲಿರುವ ಬಣ್ಣವನ್ನು ನೋಡಿ. ತೊಟ್ಟಿನ ಬುಡದಲ್ಲಿ, ಎಲೆಯ ನೆರಳಿದ್ದ ಮಗ್ಗುಲಲ್ಲಿ ಸಿಪ್ಪೆಯ ಮೂಲಬಣ್ಣ ಕಾಣುತ್ತದೆ. ಅದು ಗಾಢ ಹಸಿರಾಗಿದ್ದರೆ ಹಣ್ಣು ಎಳೆಯದು. ತಿಳಿಹಳದಿಗೆ ತಿರುಗಿದ್ದರೆ ಮಾಗಿದೆ. ಬೆರಳಿಗೆ ಗಟ್ಟಿಯಾಗಿರಬೇಕು, ಗಾತ್ರಕ್ಕೆ ತಕ್ಕ ಭಾರವಿರಬೇಕು, ತೊಟ್ಟಿನ ಕಡೆ ಮೂಸಿದರೆ ಪರಿಮಳವಿರಬೇಕು. ಮಲಗೋವವನ್ನು ಮೂಸಿ ನೋಡುವ ನಾವು ಸೇಬನ್ನು ಮೂಸಲು ಏಕೆ ನಾಚಬೇಕು?

ಕಾಲವನ್ನೂ ನೋಡಬೇಕು. ಹಿಮಾಚಲದ ಮೊದಲ ಸೇಬುಗಳು ಜುಲೈಯಲ್ಲಿ ಬರುತ್ತವೆ. ಟೈಡ್‌ಮನ್ ಎಂಬ ಚಿಕ್ಕ ಕೆಂಪು ಹಣ್ಣು ಆಗಿನದು. ತುಸು ಹುಳಿ, ಬಹಳ ದಿನ ನಿಲ್ಲುವುದಿಲ್ಲ. ಡೆಲಿಷಸ್ ಆಗಸ್ಟ್ ಸೆಪ್ಟೆಂಬರಿನಲ್ಲಿ. ಕಾಶ್ಮೀರದ್ದೂ ಕಿನ್ನೌರಿನದೂ ನವೆಂಬರಿನವರೆಗೆ. ಈ ಮೂರು ತಿಂಗಳಲ್ಲಿ ತಿಂದ ಡೆಲಿಷಸ್ಸಿಗೂ ಮಾರ್ಚಿಯಲ್ಲಿ ಬಿಸಿಲ ಅಂಗಡಿಯಲ್ಲಿ ಕುಳಿತ ಡೆಲಿಷಸ್ಸಿಗೂ ಅಜಗಜಾಂತರ. ಗಾಳಿಯನ್ನು ಹತೋಟಿಯಲ್ಲಿಟ್ಟ ಶೀತಲ ಗೃಹಗಳಿಂದ ವಸಂತದಲ್ಲಿ ಬರುವ ಹಣ್ಣು ಗಟ್ಟಿಯಾಗಿಯೇ ಇರುತ್ತದೆ. ಆದರೆ ಹೊರಗೆ ಬಂದಮೇಲೆ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಕಾಣುವ ಹೊಸ ಹಣ್ಣು ನ್ಯೂಜಿಲೆಂಡ್, ಚಿಲಿ ಮೊದಲಾದ ದಕ್ಷಿಣಗೋಳದ ದೇಶಗಳದ್ದು. ಅಲ್ಲಿ ಆಗ ಶರತ್ಕಾಲ.

ಇನ್ನು ಯಾವುದು ಯಾವುದಕ್ಕೆ ಎಂಬ ಮಾತಿಗೆ ಬರೋಣ. ಡೆಲಿಷಸ್ ಹಾಗೆಯೇ ತಿನ್ನಲು ಮಾತ್ರ, ಅದೂ ಕಾಲದಲ್ಲಿ. ಅದರಲ್ಲಿ ಹುಳಿ ಇಲ್ಲವಾದ್ದರಿಂದ ಒಲೆಯ ಮೇಲೆ ಇಟ್ಟರೆ ಹೆಸರಿಲ್ಲದ ಒಂದು ಸಿಹಿ ಮುದ್ದೆಯಾಗುತ್ತದೆ. ಗಾಲಾ ಚಿಕ್ಕದು, ಸಿಪ್ಪೆ ತೆಳು. ಮಕ್ಕಳ ಕೈಗೆ ಇಡೀ ಹಣ್ಣು ಕೊಡಬೇಕಾದರೆ ಇದೇ ಸರಿ. ಫೂಜಿ ಎಂಬುದು ಜಪಾನಿನವರು ಡೆಲಿಷಸ್ಸನ್ನು ಇನ್ನೊಂದು ಹಳೆಯ ಜಾತಿಯೊಡನೆ ಕೂಡಿಸಿ 1962ರಲ್ಲಿ ಹೊರತಂದದ್ದು. ಮಗಳು ತಾಯಿಗಿಂತ ಜಾಣೆ: ಹೆಚ್ಚು ಸಿಹಿ, ಹೆಚ್ಚು ಗರಿಗರಿ, ಹೆಚ್ಚು ಕಾಲ ಬಾಳಿಕೆ. ಗೋಲ್ಡನ್ ಎಂಬ ಹಳದಿ ಸೇಬನ್ನು ನಮ್ಮವರು ಮಂಕೆಂದು ದೂರ ಇಡುತ್ತಾರೆ. ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಅದರಷ್ಟು ನ್ಯಾಯ ಸಲ್ಲಿಸುವ ಸೇಬು ಇಲ್ಲ. ಹಾಗೆಯೇ ತಿನ್ನಬಹುದು, ಬೇಯಿಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಒಂದೇ ದೋಷ, ಒಣಗಾಳಿಗೆ ಸಿಪ್ಪೆ ಬೇಗ ಸುಕ್ಕುತ್ತದೆ.

ಹಸಿರು ಸೇಬು, ಎಂದರೆ ಗ್ರ್ಯಾನಿ ಸ್ಮಿತ್. ಆಸ್ಟ್ರೇಲಿಯದ ಸಿಡ್ನಿಯ ಬಳಿ ಮರಿಯ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ 1868ರ ಸುಮಾರಿಗೆ ತಾನಾಗಿ ಹುಟ್ಟಿದ ಗಿಡ ಇದು. 'ಸ್ಮಿತ್ ಅಜ್ಜಿ' ಎಂಬುದೇ ಹೆಸರಾಯಿತು. ಇದನ್ನು ಕೊಂಡವರು ಒಂದು ಹೋಳು ತಿಂದು ಹಲ್ಲು ಚುಳಿತವೆಂದು ಮುಖ ಕಿವುಚುವುದುಂಟು. ತೋತಾಪುರಿಯ ಕಾಯಿಯನ್ನು ಹಣ್ಣೆಂದು ತಿಂದರೆ ಹೀಗೆಯೇ ಅಲ್ಲವೆ? ಅದು ಅಡಿಗೆಮನೆಯ ಸೇಬು.

ಇಂಗ್ಲೆಂಡಿನಲ್ಲಿ ಈ ಭೇದವನ್ನು ಬಹಳ ಶಾಸ್ತ್ರೋಕ್ತವಾಗಿ ಇಟ್ಟುಕೊಂಡಿದ್ದಾರೆ. ತಿನ್ನುವ ಸೇಬು ಬೇರೆ, ಬೇಯಿಸುವ ಸೇಬು ಬೇರೆ. ಬೇಯಿಸುವುದರಲ್ಲಿ ಅವರ ಪಟ್ಟದಾನೆ ಬ್ರ್ಯಾಮ್ಲಿ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದ ಮರ ಅದು. ಮುಂದೆ ಆ ಮನೆಯನ್ನು ಕೊಂಡ ಬ್ರ್ಯಾಮ್ಲಿ ಎಂಬ ಕಟುಕನ ಹೆಸರು ಹಣ್ಣಿಗೆ ಬಂತು. ಬಿತ್ತಿದವಳ ಹೆಸರು ಬರಲಿಲ್ಲ. ಲೋಕದಲ್ಲಿ ಹೀಗಾಗುವುದುಂಟು. ಅದರಲ್ಲಿ ಹುಳಿ ಹೆಚ್ಚು; ಬೆಂದಾಗ ಹತ್ತಿಯಂತೆ ಅರಳಿ ನುಣ್ಣಗಾಗುತ್ತದೆ, ಸಕ್ಕರೆ ಬೆರೆತರೂ ರುಚಿ ಮುಳುಗುವುದಿಲ್ಲ. ನ್ಯೂಟನ್ನನ ಮನೆಯ ಹಿತ್ತಲಿನ ಆ ಪ್ರಸಿದ್ಧ ಮರವೂ ಬೇಯಿಸುವ ಜಾತಿಯದೇ. ಬಿದ್ದ ಹಣ್ಣು ಒಳ್ಳೆಯ ಸಿಹಿ ಜಾತಿಯದಾಗಿದ್ದರೆ ಅವನು ಯೋಚಿಸುವುದನ್ನು ಬಿಟ್ಟು ತಿಂದುಬಿಡುತ್ತಿದ್ದನೋ ಏನೋ!

ಬ್ರ್ಯಾಮ್ಲಿ ನಮಗೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ನಮ್ಮ ಅಡಿಗೆಗೆ ಬೇಕಾದದ್ದು ಹುಳಿಯೂ ಇದ್ದು ಹೋಳೂ ಉಳಿಯುವ ಹಣ್ಣು. ಹಸಿರು ಸೇಬು ಇದಕ್ಕೆ ಸರಿಹೋಗುತ್ತದೆ. ಅನಾನಸ್ಸಿನ ಗೊಜ್ಜು ಮಾಡುವ ಕ್ರಮ ನಿಮಗೆ ಗೊತ್ತಿದೆ. ಎರಡು ಹಸಿರು ಸೇಬನ್ನು ಸಿಪ್ಪೆಯ ಸಮೇತ ಹೋಳು ಮಾಡಿ, ಅರಿಸಿನ ಉಪ್ಪು ಹಾಕಿ, ಹೋಳು ಮುಳುಗದಷ್ಟು ನೀರಿನಲ್ಲಿ ಐದಾರು ನಿಮಿಷ ಬೇಯಿಸಿ. ಹುರಿದ ಬ್ಯಾಡಗಿ ಮೆಣಸಿನಕಾಯಿ, ಕಡಲೇಬೇಳೆ, ಉದ್ದಿನಬೇಳೆ, ಚಿಟಿಕೆ ಮೆಂತ್ಯ, ಎಳ್ಳು, ಕೊಬ್ಬರಿ ರುಬ್ಬಿ ಹಾಕಿ, ಬೆಲ್ಲ ಸೇರಿಸಿ ಕುದಿಸಿ, ಸಾಸಿವೆ ಕರಿಬೇವು ಇಂಗಿನ ಒಗ್ಗರಣೆ ಕೊಡಿ. ಹುಣಿಸೆಹಣ್ಣನ್ನು ಎಂದಿನ ಅರ್ಧಕ್ಕೆ ಇಳಿಸಿ. ಹಣ್ಣು ಬಹಳ ಹುಳಿಯಾಗಿದ್ದರೆ ಬಿಟ್ಟೇಬಿಡಿ. ಇದನ್ನೇ ಕೆಂಪು ಸೇಬಿನಲ್ಲಿ ಮಾಡಿದರೆ ಹುಳಿಯನ್ನೆಲ್ಲ ಹುಣಿಸೆಯೇ ಕೊಡಬೇಕಾಗುತ್ತದೆ. ಆಗ ಅದು ಹುಣಿಸೆಯ ಗೊಜ್ಜೇ ಹೊರತು ಸೇಬಿನದಲ್ಲ.

ಮಾವಿನಕಾಯಿ ಇಲ್ಲದ ಕಾಲದಲ್ಲಿ ಹಸಿರು ಸೇಬನ್ನು ತುರಿದು ಚಿತ್ರಾನ್ನ ಮಾಡಬಹುದು, ಹೆಸರುಬೇಳೆಯ ಕೋಸಂಬರಿಗೆ ಹಾಕಬಹುದು. ತುರಿದ ಕೂಡಲೇ ಉಪ್ಪೋ ನಿಂಬೆರಸವೋ ಬೀಳಬೇಕು; ಇಲ್ಲವಾದರೆ ಗಾಳಿ ತಾಗಿ ಕಂದಾಗುತ್ತದೆ.

ಸಿಹಿಗೆ ಗೋಲ್ಡನ್. ತುರಿದು ತುಪ್ಪದಲ್ಲಿ ನೀರಾರುವವರೆಗೆ ಬಾಡಿಸಿ ಕೇಸರಿಬಾತಿಗೆ ಸೇರಿಸಿ. ಪಾಯಸ ಮಾಡುವವರು ಮಾತ್ರ ಎಚ್ಚರವಾಗಿರಬೇಕು. ಹಸಿಯ ತುರಿಯನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ತುರಿಯನ್ನು ತುಪ್ಪ ಸಕ್ಕರೆಯಲ್ಲಿ ಬೇಯಿಸಿ ಆರಿಸಿ, ಹಾಲನ್ನು ಬೇರೆ ಕಾಯಿಸಿ ಆರಿಸಿ, ಎರಡನ್ನೂ ಆಮೇಲೆ ಕೂಡಿಸಿ. ಹಿಟ್ಟು ಹಿಟ್ಟಾದ ಡೆಲಿಷಸ್ಸು ಮನೆಯಲ್ಲಿ ಉಳಿದಿದ್ದರೆ ಅದೂ ಕೇಸರಿಬಾತಿನಲ್ಲಿ ಮರೆಯಾಗಿಹೋಗುತ್ತದೆ, ನಾಲ್ಕು ತೊಟ್ಟು ನಿಂಬೆರಸ ಹಿಂಡಿದರೆ.

ಮನೆಯಲ್ಲಿ ಇಡುವ ವಿಷಯ. ಸೇಬು ಹೊರಗೆ ಬುಟ್ಟಿಯಲ್ಲಿ ಅಂದವಾಗಿ ಕಾಣುತ್ತದೆ, ಆದರೆ ಅಲ್ಲಿ ವಾರದಲ್ಲಿ ಮೆತ್ತಗಾಗುತ್ತದೆ. ತಣ್ಣನೆಯ ಪೆಟ್ಟಿಗೆಯಲ್ಲಿ, ತೂತುಗಳಿರುವ ಚೀಲದಲ್ಲಿಡಿ. ಸೊಪ್ಪು ಸೌತೆಕಾಯಿಗಳ ಜೊತೆ ಬೇಡ. ಸೇಬು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಅದು ಸೊಪ್ಪನ್ನು ಹಳದಿಯಾಗಿಸುತ್ತದೆ. ಈ ದೋಷವನ್ನೇ ಗುಣ ಮಾಡಿಕೊಳ್ಳಬಹುದು: ಗಟ್ಟಿಯಾದ ಸಪೋಟವನ್ನೋ ಬಾಳೆಯನ್ನೋ ಒಂದು ಸೇಬಿನೊಡನೆ ಕಾಗದದ ಚೀಲದಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುತ್ತದೆ. ಹೊಳಪಿಗೆ ಮೇಣ ಸವರಿದ ಹಣ್ಣೆಂದು ಗಾಬರಿಪಡುವವರಿದ್ದಾರೆ. ನೈಸರ್ಗಿಕ ಮೇಣಕ್ಕೆ ಕಾನೂನಿನ ಅನುಮತಿಯಿದೆ; ಉಗುರು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ತಿನ್ನಿ.

ಕಡೆಯದಾಗಿ, ಕಾಶ್ಮೀರದ ಮನೆಗಳ ಒಂದು ಪಲ್ಯವನ್ನು ಹೇಳಿಬಿಡುತ್ತೇನೆ. ಅಲ್ಲಿ ಸೇಬಿಗೆ ಚೂಂಠ್ ಎಂದೂ ಬದನೆಕಾಯಿಗೆ ವಾಂಗುನ್ ಎಂದೂ ಹೆಸರು. ಎರಡನ್ನೂ ಕೂಡಿಸಿ ಮಾಡುವ ಚೂಂಠ್ ವಾಂಗುನ್ ಅವರ ಮೆಚ್ಚಿನ ಅಡಿಗೆ. ಸೇಬಿನ ನಾಡಿನವರು ಇದಕ್ಕೆ ಸಿಹಿ ಹಣ್ಣನ್ನು ಕೆಡಿಸುವುದಿಲ್ಲ. ಮಹಾರಾಜಿ ಎಂಬ ದಪ್ಪನೆಯ, ಹುಳಿಯಾದ, ತಡವಾಗಿ ಬರುವ ಜಾತಿಯಂಥದನ್ನು ಹಾಕುತ್ತಾರೆ. ನಮಗೆ ಹಸಿರು ಸೇಬಾದೀತು. ಸೇಬನ್ನೂ ಬದನೆಯನ್ನೂ ಉದ್ದುದ್ದ ಸೀಳಿ, ಬೇರೆ ಬೇರೆಯಾಗಿ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆಯಬೇಕು. ಅವರದು ಸಾಸಿವೆ ಎಣ್ಣೆ. ಹೊಗೆಯಾಡುವವರೆಗೆ ಕಾಯಿಸಿದರೆ ಅದರ ಘಾಟು ಹೋಗುತ್ತದೆ. ಒಗ್ಗದವರು ಕಡಲೇಕಾಯಿ ಎಣ್ಣೆಯಲ್ಲಿ ಮಾಡಿ. ಉಳಿದ ಎಣ್ಣೆಯಲ್ಲಿ ಇಂಗು, ಮೆಣಸಿನಪುಡಿ, ಅರಿಸಿನ, ಸೋಂಪಿನ ಪುಡಿ, ಒಣಶುಂಠಿಯ ಪುಡಿ, ಉಪ್ಪು, ಒಂದು ಲೋಟ ನೀರು. ಕುದಿ ಬಂದಮೇಲೆ ಮೊದಲು ಬದನೆ, ಎರಡು ನಿಮಿಷ ಬಿಟ್ಟು ಸೇಬು. ಸೌಟಿನಿಂದ ಕೆದಕಬೇಡಿ, ಪಾತ್ರೆಯನ್ನೇ ಅಲುಗಿಸಿ. ಈರನಗೆರೆಯ ಬದನೆ ಸಿಕ್ಕಿದರೆ ಅದರಲ್ಲೇ ಮಾಡಿ ನೋಡಿ; ಬಿಸಿ ಅನ್ನಕ್ಕೆ ಕಲಸಿಕೊಳ್ಳಲು ಬೇರೆ ಹುಳಿ ಬೇಕಾಗುವುದಿಲ್ಲ.